ಕೆಂಡದ ಎಂಜಿನ್: ಮಾದರಿ ವಿಮಾನಗಳ ಗ್ಲೋ ಎಂಜಿನ್ನುಗಳ ಗುರುತು ಮತ್ತು ಆಯ್ಕೆ

ಯಂತ್ರವೊಂದನ್ನು ಬಳಸುವ ಮುನ್ನ ಅದನ್ನು ಗುರುತಿಸಬೇಕು. ಗುರುತಿಸಬೇಕಾದರೆ ಅದರ ಅಂಗಗಳಿಗೂ ಅದು ನಡೆಯುವ ಬಗೆಗೂ ಸ್ಪಷ್ಟವಾದ ಮಾತುಗಳು ಬೇಕು. ಈ ಸರಳ ತತ್ತ್ವವನ್ನು ಮರೆತು ಹಾಳುಮಾಡಿಕೊಳ್ಳುವ ಯಂತ್ರಗಳಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಪುಟ್ಟ ಎಂಜಿನ್ ಮುಖ್ಯವಾದುದು. ಅಂಗೈಯಲ್ಲಿ ಹಿಡಿಯಬಹುದಾದ ಈ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಒಗ್ಗದ ಎಣ್ಣೆಯನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಸವೆದುಹೋಗುತ್ತದೆ. ಅಜಾಗರೂಕತೆಯಿಂದ ಮುಟ್ಟಿದರೆ ಬೆರಳನ್ನೇ ಕತ್ತರಿಸಬಲ್ಲದು.

ಹೈದರಾಬಾದು ವಿಮಾನಗಳ ಸದ್ದು ಕೇಳಿ ಬೆಳೆದ ನಗರ. 2008ರ ಮಾರ್ಚ್ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಊರ ನಡುವಿನ ಬೇಗಂಪೇಟೆಯಿಂದಲೇ ಏರುತ್ತಿದ್ದವು. ಅನಂತರ ಅವು ಶಂಷಾಬಾದಿಗೆ ಹೋದವು. ದುಂಡಿಗಲ್ಲಿನಲ್ಲಿ ವಾಯುಸೇನಾ ಅಕಾಡೆಮಿ ಇದೆ, ಹಕೀಂಪೇಟೆಯಲ್ಲಿ ವಾಯುಪಡೆಯ ನೆಲೆ ಇದೆ. ಎನ್.ಸಿ.ಸಿ.ಯ ವಾಯುವಿಭಾಗದಲ್ಲಿ ಮಾದರಿ ವಿಮಾನ ನಿರ್ಮಾಣವು ಶಿಕ್ಷಣದ ಒಂದು ಭಾಗವೇ ಆಗಿದೆ. ಕಳೆದ ಎರಡು ದಶಕಗಳಲ್ಲಿ ವಿದ್ಯುತ್ ಮೋಟಾರು ಮತ್ತು ಲಿಥಿಯಂ ಬ್ಯಾಟರಿಗಳು ಈ ಕ್ಷೇತ್ರವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿರುವುದರಿಂದ ಎಷ್ಟೋ ಎಂಜಿನ್ನುಗಳು ಮೂಲೆ ಸೇರಿವೆ. ಕೈಪಿಡಿಯಿಲ್ಲದೆ, ಪೆಟ್ಟಿಗೆಯಿಲ್ಲದೆ ಅವು ಹೊಸಬರ ಕೈಗೆ ಬರುತ್ತವೆ. ಆದುದರಿಂದ ಇಂದು ಎಂಜಿನ್ ಆರಿಸುವ ಪ್ರಶ್ನೆಯು ಅದನ್ನು ಗುರುತಿಸುವ ಪ್ರಶ್ನೆಯಿಂದಲೇ ಮೊದಲಾಗುತ್ತದೆ.

1. ಕಿಡಿ, ಒತ್ತಡ, ಕೆಂಡ

ಪುಟ್ಟ ಎಂಜಿನ್ನುಗಳನ್ನು ಅವು ಇಂಧನವನ್ನು ಹೊತ್ತಿಸುವ ಕ್ರಮದಿಂದ ಮೂರು ವರ್ಗಗಳಾಗಿ ವಿಂಗಡಿಸಬಹುದು. ಈ ವಿಂಗಡಣೆಗೆ ಕನ್ನಡದಲ್ಲಿ ಬೇಕಾದ ಮಾತುಗಳು ಮೊದಲಿನಿಂದಲೂ ಇವೆ. ಕಿಡಿ ಒಂದು ಕ್ಷಣ ಹಾರಿ ಆರಿಹೋಗುತ್ತದೆ; ಕೆಂಡ ನಿಗಿನಿಗಿಯಾಗಿ ಉಳಿಯುತ್ತದೆ. ಎಂಜಿನ್ನುಗಳ ನಡುವಣ ವ್ಯತ್ಯಾಸವೂ ಇದೇ.

ಮೊದಲನೆಯದು ಕಿಡಿಯ ಎಂಜಿನ್. ಮೋಟಾರು ಸೈಕಲ್ಲಿನಲ್ಲಿರುವಂತೆ ಇದರಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ. ಪ್ರತಿ ಬಾರಿಯೂ ತಕ್ಕ ಗಳಿಗೆಯಲ್ಲಿ ಕಿಡಿ ಹಾರಿಸಲು ಕಾಯಿಲ್, ಬ್ಯಾಟರಿ ಮೊದಲಾದ ಸಾಮಗ್ರಿ ಬೇಕು. 1930ರ ದಶಕದ ಮಾದರಿ ಎಂಜಿನ್ನುಗಳು ಈ ಬಗೆಯವು. ಆ ಸಾಮಗ್ರಿಯ ಭಾರವೇ ಪುಟ್ಟ ವಿಮಾನಕ್ಕೆ ಹೊರೆಯಾಗುತ್ತಿತ್ತು.

ಎರಡನೆಯದು ಒತ್ತಡದ ಎಂಜಿನ್; ಹವ್ಯಾಸಿಗಳು ಇದನ್ನು ಡೀಸೆಲ್ ಎನ್ನುತ್ತಾರೆ. ಇದರಲ್ಲಿ ಪ್ಲಗ್ ಇಲ್ಲ. ಸೀಮೆಎಣ್ಣೆ, ಈಥರ್ ಮತ್ತು ಹರಳೆಣ್ಣೆಗಳ ಮಿಶ್ರಣವು ಒತ್ತಡದಿಂದ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ. ಒತ್ತಡವನ್ನು ಹೆಚ್ಚುಕಡಿಮೆ ಮಾಡಲು ನೆತ್ತಿಯ ಮೇಲೆ ಒಂದು ತಿರುಪು ಇರುತ್ತದೆ. ಭಾರತದ ಹವ್ಯಾಸಿಗಳಿಗೆ ಪರಿಚಿತವಾದ, ಕಲ್ಕತ್ತೆಯಲ್ಲಿ ತಯಾರಾದ ‘ಅರೋರಾ’ ಹೆಸರಿನ ಎಂಜಿನ್ನುಗಳಲ್ಲಿ ಈ ಬಗೆಯವೂ ಇದ್ದವು.

ಮೂರನೆಯದು ಕೆಂಡದ ಎಂಜಿನ್, ಎಂದರೆ ಗ್ಲೋ ಎಂಜಿನ್. ಅಮೆರಿಕದ ರೇ ಆರ್ಡೆನ್ 1947ರ ಸುಮಾರಿಗೆ ಬಳಕೆಗೆ ತಂದ ಗ್ಲೋ ಪ್ಲಗ್ ಇದರ ಜೀವಾಳ. ಪ್ಲಗ್ಗಿನೊಳಗೆ ಪ್ಲಾಟಿನಂ ಬೆರೆತ ಲೋಹದ ಸಣ್ಣ ತಂತಿಯ ಸುರುಳಿಯಿದೆ. ಎಂಜಿನ್ನನ್ನು ಚಾಲೂ ಮಾಡುವಾಗ 1.5 ವೋಲ್ಟಿನ ಬ್ಯಾಟರಿಯಿಂದ ಈ ಸುರುಳಿಯನ್ನು ಕೆಂಪಗೆ ಕಾಯಿಸುತ್ತಾರೆ; ಎಂಜಿನ್ ಹಿಡಿದುಕೊಂಡ ಮೇಲೆ ಬ್ಯಾಟರಿಯನ್ನು ತೆಗೆದುಬಿಡುತ್ತಾರೆ. ಅನಂತರವೂ ಸುರುಳಿ ಕೆಂಡವಾಗಿಯೇ ಉಳಿಯುವುದಕ್ಕೆ ಎರಡು ಕಾರಣಗಳಿವೆ: ಒಂದು, ಹಿಂದಿನ ದಹನದಿಂದ ಉಳಿದ ಕಾವು, ಇನ್ನೊಂದು, ಮೆಥನಾಲ್ ಆವಿಯು ಪ್ಲಾಟಿನಂ ಮೇಲ್ಮೈಯನ್ನು ಸೋಕಿದಾಗ ನಡೆಯುವ ರಾಸಾಯನಿಕ ಕ್ರಿಯೆ. ಆದುದರಿಂದಲೇ ಈ ಎಂಜಿನ್ನಿಗೆ ಮೆಥನಾಲ್ ಬೇಕು. ಪೆಟ್ರೋಲ್ ಹಾಕಿದರೆ ಕೆಂಡ ಉಳಿಯದು. ಪ್ಲಗ್ಗಿಗೆ 12 ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಸುರುಳಿ ಆ ಕ್ಷಣವೇ ಸುಟ್ಟುಹೋಗುತ್ತದೆ.

2. ಗುರುತಿನ ಲಕ್ಷಣಗಳು

ಹೆಸರು ತಿಳಿಯದ ಎಂಜಿನ್ ಕೈಗೆ ಬಂದಾಗ ಮೊದಲು ನೆತ್ತಿಯನ್ನು ನೋಡಬೇಕು. ತಿರುಪು ಇದ್ದು ಪ್ಲಗ್ ಇಲ್ಲದಿದ್ದರೆ ಅದು ಡೀಸೆಲ್. ನಡುವೆ ಸಣ್ಣ ಮೊಳೆಯಂತಹ ತುದಿಯುಳ್ಳ ಪುಟ್ಟ ಪ್ಲಗ್ ಇದ್ದರೆ ಅದು ಗ್ಲೋ.

ಎರಡನೆಯದಾಗಿ, ಗಾಳಿ ಒಳಹೋಗುವ ಬಾಯಿಯನ್ನು ಪರೀಕ್ಷಿಸಬೇಕು. ಅಲ್ಲಿ ತಿರುಗುವ ಉರುಳೆಯೂ ಅದಕ್ಕೊಂದು ಸಣ್ಣ ತೋಳೂ ಇದ್ದರೆ ಅದು ರೇಡಿಯೊ ನಿಯಂತ್ರಣಕ್ಕೆ ಯೋಗ್ಯವಾದ ಕಾರ್ಬ್ಯುರೇಟರ್. ಬರಿಯ ಕೊಳವೆ ಮತ್ತು ಸೂಜಿ ತಿರುಪು ಮಾತ್ರ ಇದ್ದರೆ ಅದು ತಂತಿ ಹಿಡಿದು ಸುತ್ತ ಹಾರಿಸುವ ವಿಮಾನಕ್ಕೋ ಮುಕ್ತವಾಗಿ ಹಾರಿಬಿಡುವ ವಿಮಾನಕ್ಕೋ ಮಾಡಿದ ಎಂಜಿನ್. ಅದರ ವೇಗವನ್ನು ಹಾರಾಟದ ನಡುವೆ ತಗ್ಗಿಸುವ ಉಪಾಯವಿಲ್ಲ.

ಮೂರನೆಯದು ಹೊಡೆತಗಳ ಸಂಖ್ಯೆ. ಸಿಲಿಂಡರಿನ ಪಕ್ಕದಲ್ಲಿ ತಳ್ಳುಕಡ್ಡಿಗಳ ಕೊಳವೆಗಳೂ ನೆತ್ತಿಯಲ್ಲಿ ಕವಾಟಗಳ ಮುಚ್ಚಳವೂ ಕಂಡರೆ ಅದು ಸಾಮಾನ್ಯವಾಗಿ ಫೋರ್ ಸ್ಟ್ರೋಕ್. ಇವಿಲ್ಲದೆ ಪಕ್ಕದಲ್ಲಿ ಅಗಲವಾದ ಹೊಗೆಬಾಯಿ ಇದ್ದರೆ ಟೂ ಸ್ಟ್ರೋಕ್. ಜಪಾನಿನ ಓ.ಎಸ್. ಸಂಸ್ಥೆ 1976ರಲ್ಲಿ ಫೋರ್ ಸ್ಟ್ರೋಕ್ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ಬಗೆ ವ್ಯಾಪಕವಾಗಿ ಬಳಕೆಗೆ ಬಂದಿತು.

ನಾಲ್ಕನೆಯದು ಮೈಮೇಲಿನ ಅಂಕಿ. ಇಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶ ಹೆಚ್ಚು. ಅಮೆರಿಕ, ಜಪಾನುಗಳ ಎಂಜಿನ್ನುಗಳಲ್ಲಿ 40 ಎಂದು ಕೆತ್ತಿದ್ದರೆ ಅದು ಒಂದು ಘನ ಅಂಗುಲದ ನೂರರಲ್ಲಿ ನಲವತ್ತು ಭಾಗ, ಅಂದರೆ ಸುಮಾರು 6.5 ಸಿ.ಸಿ. ಇದೇ ಲೆಕ್ಕದಲ್ಲಿ 15 ಎಂಬುದು 2.5 ಸಿ.ಸಿ., 25 ಎಂಬುದು 4.1 ಸಿ.ಸಿ., 46 ಎಂಬುದು 7.5 ಸಿ.ಸಿ., 60 ಎಂಬುದು 9.8 ಸಿ.ಸಿ. ಯುರೋಪಿನ ಎಷ್ಟೋ ಎಂಜಿನ್ನುಗಳಲ್ಲಿ ಅಂಕಿಯು ನೇರವಾಗಿ ಸಿ.ಸಿ.ಯನ್ನೇ ಸೂಚಿಸುತ್ತದೆ. ಹೀಗಾಗಿ ‘2.5’ ಮತ್ತು ‘25’ ಎಂಬ ಎರಡು ಗುರುತುಗಳ ನಡುವೆ ಒಂದು ಚುಕ್ಕೆಯಷ್ಟೇ ಅಂತರ ಕಂಡರೂ ಗಾತ್ರದಲ್ಲಿ ಒಂದೂವರೆ ಪಟ್ಟಿಗೂ ಮಿಕ್ಕ ವ್ಯತ್ಯಾಸವಿದೆ.

ಐದನೆಯ ಲಕ್ಷಣ ಹೊರಗೆ ಕಾಣುವುದಿಲ್ಲ. ಕೈಯಿಂದ ತಿರುಗಿಸಿ ತಿಳಿಯಬೇಕು. ಹಳೆಯ ಸರಳ ಎಂಜಿನ್ನುಗಳಲ್ಲಿ ಉಕ್ಕಿನ ಸಿಲಿಂಡರಿನೊಳಗೆ ಎರಕದ ಕಬ್ಬಿಣದ ಪಿಸ್ಟನ್ ನಯವಾಗಿ ಕೂಡಿಕೊಂಡಿರುತ್ತದೆ. ಕೆಲವು ಎಂಜಿನ್ನುಗಳ ಪಿಸ್ಟನ್ನಿಗೆ ರಿಂಗ್ ಇರುತ್ತದೆ. ಹೊಗೆಬಾಯಿಯಲ್ಲಿ ಇಣುಕಿದರೆ ಅದು ಕಾಣುತ್ತದೆ. ಮೂರನೆಯ ಬಗೆಗೆ ಎ.ಬಿ.ಸಿ. ಎಂದು ಹೆಸರು. ಅಲ್ಯುಮಿನಿಯಂ ಪಿಸ್ಟನ್, ಹಿತ್ತಾಳೆಯ ಒಳಕೊಳವೆ, ಅದರ ಮೇಲೆ ಕ್ರೋಮಿಯಂ ಲೇಪ—ಈ ಮೂರರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ. ಎ.ಬಿ.ಸಿ. ಎಂಜಿನ್ನಿನ ಒಳಕೊಳವೆ ಮೇಲ್ಭಾಗದಲ್ಲಿ ತುಸು ಕಿರಿದಾಗಿರುತ್ತದೆ. ಕಾದಾಗ ಮೇಲ್ಭಾಗ ಹೆಚ್ಚು ಹಿಗ್ಗಿ ಸಮನಾಗಲೆಂದೇ ಹಾಗೆ ಮಾಡಿರುತ್ತಾರೆ. ತಣ್ಣಗಿರುವಾಗ ಪಿಸ್ಟನ್ ತುದಿಯಲ್ಲಿ ಬಿಗಿಯಾಗಿ ಕಚ್ಚಿದಂತಾಗುವುದು ಇದರ ಸಹಜ ಗುಣ. ಇದನ್ನರಿಯದವರು ಎಂಜಿನ್ ಕೆಟ್ಟಿದೆಯೆಂದು ಭಾವಿಸಿ, ಒಳಗನ್ನು ಉಜ್ಜಿ, ಒಳ್ಳೆಯ ಎಂಜಿನ್ನನ್ನೇ ಹಾಳುಮಾಡುವುದುಂಟು.

3. ಔಡಲದ ಎಣ್ಣೆ

ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಇಂಧನದಲ್ಲಿ ಬೆರೆತ ಎಣ್ಣೆಯೇ ಅದರ ಒಳಭಾಗಗಳಿಗೆ ಜಾರು. ಮೆಥನಾಲ್ ಜೊತೆ ಸಾಮಾನ್ಯ ಖನಿಜ ಎಣ್ಣೆ ಬೆರೆಯುವುದಿಲ್ಲ. ಹರಳೆಣ್ಣೆ ಚೆನ್ನಾಗಿ ಬೆರೆಯುತ್ತದೆ. ಉತ್ತರ ಕರ್ನಾಟಕದವರು ಔಡಲವೆನ್ನುವ, ತೆಲುಗರು ಆಮುದವೆನ್ನುವ ಈ ಬೀಜ ತೆಲಂಗಾಣದ ಮಹಬೂಬನಗರ, ನಲ್ಗೊಂಡ ಸೀಮೆಗಳ ಒಣಭೂಮಿಯ ಬೆಳೆ. ಇದರ ಸಂಶೋಧನೆ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆಯಲ್ಲಿ ನಡೆಯುತ್ತಿದೆ. ಒಂದನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಿಗೂ ಇದೇ ಎಣ್ಣೆ ಆಧಾರವಾಗಿತ್ತು.

ಹರಳೆಣ್ಣೆಯ ವಿಶೇಷವೆಂದರೆ ಅತಿಯಾದ ಕಾವಿನಲ್ಲಿಯೂ ಅದು ಥಟ್ಟನೆ ಉರಿದುಹೋಗದೆ ಮಂದವಾದ ಪದರವಾಗಿ ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತದೆ. ಅದೇ ಗುಣ ದೋಷವೂ ಆಗುತ್ತದೆ: ವರ್ಷಗಟ್ಟಲೆ ಬಳಸದೆ ಇಟ್ಟ ಎಂಜಿನ್ನಿನೊಳಗೆ ಎಣ್ಣೆ ಅಂಟಿನಂತೆ ಗಟ್ಟಿಯಾಗಿ, ಪಿಸ್ಟನ್ ಅಲುಗದಂತೆ ಹಿಡಿದುಬಿಡುತ್ತದೆ. ಅಂತಹ ಎಂಜಿನ್ನನ್ನು ಇಕ್ಕಳ ಹಾಕಿ ತಿರುಗಿಸಬಾರದು. ಬಿಸಿಗಾಳಿಯಿಂದ ಮೆಲ್ಲನೆ ಕಾಯಿಸಿದರೆ ಅಂಟು ಸಡಿಲವಾಗುತ್ತದೆ. ಸಿಕ್ಕಿಕೊಂಡ ಹಳೆಯ ಎಂಜಿನ್ನುಗಳಲ್ಲಿ ಎಷ್ಟೋ ಇಷ್ಟರಿಂದಲೇ ಮತ್ತೆ ತಿರುಗುತ್ತವೆ.

ಕಬ್ಬಿಣ-ಉಕ್ಕಿನ ಎಂಜಿನ್ನಿಗೆ ಹರಳೆಣ್ಣೆ ಅನಿವಾರ್ಯವೆಂದೇ ಹೇಳಬೇಕು. ಎ.ಬಿ.ಸಿ. ಎಂಜಿನ್ನಿಗೆ ಕೃತಕ ಎಣ್ಣೆ ಸಾಲುತ್ತದೆ. ಸ್ವಲ್ಪ ಹರಳೆಣ್ಣೆ ಬೆರೆಸಿದರೆ ಇನ್ನೂ ಕ್ಷೇಮ. 80 ಭಾಗ ಮೆಥನಾಲ್, 20 ಭಾಗ ಎಣ್ಣೆ ಎಂಬುದು ಕೆಲವು ಅಂತರರಾಷ್ಟ್ರೀಯ ಸ್ಪರ್ಧಾವರ್ಗಗಳಲ್ಲಿಯೂ ಅಂಗೀಕೃತವಾದ ಪ್ರಮಾಣ. ಇದಕ್ಕೆ ಶೇಕಡ 5ರಿಂದ 15ರಷ್ಟು ನೈಟ್ರೋಮೀಥೇನ್ ಸೇರಿಸಿದರೆ ಶಕ್ತಿಯೂ ನಿಧಾನ ವೇಗದ ಸ್ಥಿರತೆಯೂ ಹೆಚ್ಚುತ್ತವೆ. ಆದರೆ ಸಾಮಾನ್ಯ ಹಾರಾಟಕ್ಕೆ ಅದಿಲ್ಲದೆಯೂ ನಡೆಯುತ್ತದೆ. ಸುಗಂಧ ಬೆರೆಸಿದ ತಲೆಗೂದಲ ಎಣ್ಣೆ ಈ ಕೆಲಸಕ್ಕೆ ಬಾರದು. ಶುದ್ಧವಾದ, ಶೋಧಿಸಿದ ಎಣ್ಣೆಯೇ ಬೇಕು.

4. ಆಯ್ಕೆಯ ಕ್ರಮ

ಎಂಜಿನ್ ಆರಿಸುವಾಗ ವಿಮಾನದ ಗಾತ್ರ, ಹಾರುವವನ ಅನುಭವ, ಊರಿನ ಗಾಳಿ—ಈ ಮೂರನ್ನೂ ಕೂಡಿಸಿ ವಿಚಾರಿಸಬೇಕು. ಸ್ಥೂಲವಾಗಿ, ಒಂದು ಮೀಟರಿಗೆ ತುಸು ಮಿಕ್ಕ ರೆಕ್ಕೆಯ ವಿಮಾನಕ್ಕೆ 15ರ ಎಂಜಿನ್, ಒಂದೂವರೆ ಮೀಟರ್ ರೆಕ್ಕೆಯ, ಎರಡೂವರೆ ಕಿಲೋ ಆಸುಪಾಸಿನ ವಿಮಾನಕ್ಕೆ 40ರ ಎಂಜಿನ್, 1.8 ಮೀಟರಿನಷ್ಟು ರೆಕ್ಕೆಯ ವಿಮಾನಕ್ಕೆ 60ರ ಎಂಜಿನ್ ಹೊಂದುತ್ತವೆ. ಕಲಿಯುವವರಿಗೆ 40ರ ವರ್ಗವೇ ಅನುಕೂಲ. ಅದಕ್ಕಿಂತ ಚಿಕ್ಕ ಎಂಜಿನ್ನುಗಳು ಸೂಜಿ ತಿರುಪಿನ ಸಣ್ಣ ಬದಲಾವಣೆಗೂ ಮುನಿಸಿಕೊಳ್ಳುತ್ತವೆ. ಚಿಕ್ಕ ವಿಮಾನವು ಗಾಳಿಗೆ ಹೊಯ್ದಾಡುತ್ತದೆ.

ಊರಿನ ಗಾಳಿಯ ವಿಚಾರವನ್ನು ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ. ಹೈದರಾಬಾದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆಯಲ್ಲಿರುವ ಗಾಳಿಗೆ ಹೋಲಿಸಿದರೆ ಅಂತಹ ಮಧ್ಯಾಹ್ನದ ಗಾಳಿಯ ಸಾಂದ್ರತೆ ಸುಮಾರು ಶೇಕಡ 14ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ರೆಕ್ಕೆಯ ಹಿಡಿತವೂ ಕುಗ್ಗುತ್ತದೆ. ಬೀದರ, ಕಲಬುರಗಿಗಳ ಬೇಸಗೆಯಲ್ಲಿಯೂ ಪರಿಸ್ಥಿತಿ ಹೀಗೆಯೇ. ಆದುದರಿಂದ ನಕ್ಷೆಯಲ್ಲಿ 40 ಎಂದಿದ್ದರೆ ಈ ಸೀಮೆಯಲ್ಲಿ 46ನ್ನು ಆರಿಸುವುದು ವಿವೇಕ. ಅನೇಕ ತಯಾರಕರು ಈ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಯ ದೇಹದಲ್ಲಿ ಮಾಡಿರುವುದರಿಂದ ತೂಕದಲ್ಲಿ ಹೇಳುವಂತಹ ವ್ಯತ್ಯಾಸವಿರುವುದಿಲ್ಲ.

ಬಾಲ್ ಬೇರಿಂಗ್ ಇರುವ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ಮೆಥನಾಲ್ ತೇವವನ್ನು ಹೀರುವುದರಿಂದ, ಹಾರಾಟದ ಕೊನೆಗೆ ಉಳಿದ ಇಂಧನವನ್ನು ಸುಟ್ಟು ತೆಗೆದು ಎಣ್ಣೆ ಬಿಡದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಕಂಚಿನ ಬುಷ್ ಇರುವ ಎಂಜಿನ್ನಿಗೆ ಆ ಭಯವಿಲ್ಲ. ಆರಂಭಕ್ಕೆ ಅದು ಸಾಕು. ಫೋರ್ ಸ್ಟ್ರೋಕ್ ಎಂಜಿನ್ ನಿಧಾನವಾಗಿ ತಿರುಗಿ ದೊಡ್ಡ ಪ್ರೊಪೆಲ್ಲರನ್ನು ಎಳೆಯುತ್ತದೆ, ಸದ್ದೂ ಕಿವಿಗೆ ಹಿತ. ಆದರೆ ಬೆಲೆಯೂ ಕವಾಟಗಳ ಆರೈಕೆಯೂ ಹೆಚ್ಚು.

ಪ್ರೊಪೆಲ್ಲರ್ ಎಂಜಿನ್ನಿನ ಒಂದು ಭಾಗವೆಂದೇ ಎಣಿಸಬೇಕು. 40ರ ಎಂಜಿನ್ನಿಗೆ ಸಾಮಾನ್ಯವಾದುದು 10×6. ಹತ್ತು ಅಂಗುಲ ಉದ್ದ, ಒಂದು ಸುತ್ತಿಗೆ ಆರು ಅಂಗುಲ ಮುಂದೊತ್ತುವ ಓರೆ ಎಂದು ಇದರ ಅರ್ಥ. ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ವೇಗ ಗಂಟೆಗೆ ಸುಮಾರು 100 ಕಿ.ಮೀ. ಓರೆ ಹೆಚ್ಚಾದಷ್ಟೂ ವೇಗ, ಉದ್ದ ಹೆಚ್ಚಾದಷ್ಟೂ ಎಳೆತ. ಕಲಿಯುವವನಿಗೆ ಬೇಕಾದುದು ಎಳೆತ.

5. ಎಚ್ಚರ

ಮೆಥನಾಲ್ ವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣಕ್ಕೂ ಅಪಾಯ. ಅದರ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲವೆಂಬುದು ಇನ್ನೊಂದು ಅಪಾಯ. ಎಂಜಿನ್ ಚಾಲೂ ಆದ ಮೇಲೆ ಪ್ರೊಪೆಲ್ಲರಿನ ಹಿಂದೆ ನಿಂತು ಸೂಜಿ ತಿರುಪನ್ನು ಸರಿಪಡಿಸಬೇಕು. ಅದರ ಮುಂದಾಗಲಿ ಪಕ್ಕದ ನೇರದಲ್ಲಾಗಲಿ ಯಾರೂ ನಿಲ್ಲಬಾರದು.

2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ಕಣ್ಣಳತೆಯಲ್ಲಿ ಶಿಕ್ಷಣಕ್ಕೋ ಹವ್ಯಾಸಕ್ಕೋ ಹಾರಿಸುವ ಮಾದರಿಗಳನ್ನೂ ಒಳಗೊಂಡಿವೆ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ನಾಲ್ಕು ದಿಕ್ಕಿನಲ್ಲಿಯೂ ವಿಮಾನನೆಲೆಗಳಿರುವ ಹೈದರಾಬಾದಿನಲ್ಲಿ ಮೈದಾನವನ್ನು ಆರಿಸುವ ಮುನ್ನ ಸರ್ಕಾರದ ವಲಯನಕ್ಷೆಯನ್ನು ನೋಡದೆ ಹಾರಿಸತಕ್ಕದ್ದಲ್ಲ.

ಒಟ್ಟಿನಲ್ಲಿ, ಗ್ಲೋ ಎಂಜಿನ್ನಿನ ಮೈಮೇಲಿನ ಅಂಕಿಯೊಂದೇ ಅದರ ಪರಿಚಯವಲ್ಲ. ನೆತ್ತಿ ಅದರ ಜಾತಿಯನ್ನು ಹೇಳುತ್ತದೆ, ಬಾಯಿ ಅದರ ಬಳಕೆಯನ್ನು ಹೇಳುತ್ತದೆ, ಕೈಯಿಂದ ತಿರುಗಿಸಿದಾಗ ಸಿಗುವ ಬಿಗಿತ ಅದಕ್ಕೆ ಬೇಕಾದ ಎಣ್ಣೆಯನ್ನು ಹೇಳುತ್ತದೆ. ಇವನ್ನು ಓದಬಲ್ಲವನಿಗೆ ಕೈಪಿಡಿ ಕಳೆದುಹೋದ ಎಂಜಿನ್ನೂ ಅಪರಿಚಿತವಲ್ಲ. ಹೀಗೆ ಓದಲು ಬೇಕಾದ ಕಿಡಿ, ಕೆಂಡ, ಒತ್ತಡ, ಕಾವು, ಜಾರು, ಬಿಗಿ ಎಂಬ ಮಾತುಗಳು ಒಲೆಯ ಮುಂದೆ, ಗಾಣದ ಬಳಿ, ಗಾಡಿಯ ಅಚ್ಚಿನ ಹತ್ತಿರ ಹುಟ್ಟಿ ಬೆಳೆದವು. ಯಂತ್ರಶಾಸ್ತ್ರವನ್ನು ಕನ್ನಡದಲ್ಲಿ ಬರೆಯಹೊರಟವರು ಹೊಸ ಪದಗಳನ್ನು ಟಂಕಿಸುವ ಮೊದಲು ಈ ಮಾತುಗಳ ಶಕ್ತಿಯನ್ನು ಪರೀಕ್ಷಿಸಿ ನೋಡುವುದು ಯೋಗ್ಯ.