ಗುಂಡಿ ತುಂಬಿದ ಮೇಲೆ ಇಳಿಯೋರು ಯಾರು?

ಶೌಚಾಲಯ ಕಟ್ಟೋವಾಗ ಟೈಲ್ಸ್ ಯಾವುದು, ಬಾಗಿಲು ಯಾವುದು ಅಂತ ಮನೆಮಂದಿಯೆಲ್ಲ ಚರ್ಚೆ ಮಾಡ್ತಾರೆ. ಗುಂಡಿ ತುಂಬಿದ ಮೇಲೆ ಖಾಲಿ ಮಾಡೋರು ಯಾರು ಅಂತ ಕೇಳೋರು ಕಡಿಮೆ. ಬಿ.ಕಾಂ. ಓದಿದ ನನಗೆ ಮೊದಲು ಕಾಣೋದೇ ಆ ಮುಂದಿನ ಖರ್ಚು. ಆದ್ರೆ ಇದು ಬರೀ ರೂಪಾಯಿ ಲೆಕ್ಕ ಅಲ್ಲ. ಸೆಪ್ಟಿಕ್ ಟ್ಯಾಂಕ್‌ಗೆ ಇಳಿದು ವಿಷಗಾಳಿಗೆ ಸತ್ತವರ ಸುದ್ದಿ ನೀವೂ ಓದಿರ್ತೀರಿ. ಸುರಕ್ಷಾ ಸಾಧನವಿಲ್ಲದೆ ಜನರನ್ನು ಹಾಗೆ ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದ್ರೂ ನಿಂತಿಲ್ಲ.

ಹಳ್ಳಿಮನೆಗಳಿಗೆ ಎರಡು ಗುಂಡಿಯ ಶೌಚಾಲಯ ಒಳ್ಳೇದು ಅನ್ನೋದು ಇದಕ್ಕೇ. ಒಂದೊಂದು ಗುಂಡಿಯೂ ಸುಮಾರು 1 ಮೀಟರ್ ಅಗಲ, ಹೆಚ್ಚುಕಮ್ಮಿ ಅಷ್ಟೇ ಆಳ. ಇಟ್ಟಿಗೆ ಗೋಡೆಯಲ್ಲಿ ಜೇನುಗೂಡಿನ ಥರ ಸಂದು ಬಿಡಬೇಕು, ತಳಕ್ಕೆ ಕಾಂಕ್ರೀಟ್ ಹಾಕಲೇಬಾರದು. ನೀರು ಮಣ್ಣಿಗೆ ಇಂಗಬೇಕಲ್ಲ! ಒಂದು ಸಲಕ್ಕೆ ಒಂದೇ ಗುಂಡಿ ಬಳಕೆ. ಕೆಲವು ವರ್ಷ ಆಗಿ ಅದು ತುಂಬಿದಾಗ ಚೇಂಬರ್‌ನಲ್ಲಿ ದಾರಿಯನ್ನು ಇನ್ನೊಂದು ಗುಂಡಿಗೆ ತಿರುಗಿಸಿ, ಹಳೇದನ್ನು ಎರಡು ವರ್ಷ ಮುಟ್ಟದೆ ಬಿಡಿ. ಅಷ್ಟರಲ್ಲಿ ರೋಗಾಣು ಸತ್ತು, ಎಲ್ಲಾ ಕೊಳೆತು, ವಾಸನೆಯಿಲ್ಲದ ಕಪ್ಪು ಗೊಬ್ಬರ ಆಗಿರುತ್ತೆ.

ಗೊಬ್ಬರ ಅಂತ ಗೊತ್ತಿದ್ರೂ ಮುಟ್ಟೋಕೆ ಜಾತಿ ಅಡ್ಡ ಬರುತ್ತೆ. 2017ರಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ತಾವೇ ಇಂಥ ಗುಂಡಿಗೆ ಇಳಿದು ಗೊಬ್ಬರ ತೆಗೆದಿದ್ದು ಅದಕ್ಕೇ.

ನಿಮ್ಮ ಮೇಸ್ತ್ರಿ ಎರಡೂ ಗುಂಡಿಗೆ ಒಟ್ಟಿಗೆ ಪೈಪ್ ಕೊಡ್ತೀನಿ ಅಂದ್ರೆ ಒಪ್ಪಬೇಡಿ. ಎರಡೂ ಒಟ್ಟಿಗೇ ತುಂಬುತ್ತೆ, ಕೊಳೆಯೋಕೆ ಟೈಮೇ ಸಿಗಲ್ಲ. ಬಾವಿ, ಬೋರ್‌ವೆಲ್ ಇದ್ರೆ ಕನಿಷ್ಠ 10 ಮೀಟರ್ ದೂರ ಬಿಡಿ. ಎರಡಡಿ ಅಗೆದ್ರೆ ನೀರು ಬರೋ ಜಾಗದಲ್ಲಂತೂ ಈ ಗುಂಡಿ ಬೇಡವೇ ಬೇಡ.