ಹಸುವಿನ ಅಂಡಾಣುವಿಗೂ ಬುತ್ತಿ ಬೇಕು



ಹಸು ಸಕಾಲಕ್ಕೆ ಬೆದೆಗೆ ಬರುತ್ತದೆ, ಕೃತಕ ಗರ್ಭಧಾರಣೆಯನ್ನೂ ಮಾಡಿಸುತ್ತೀರಿ. ಆದರೆ 21 ದಿನಕ್ಕೆ ಮತ್ತೆ ಬೆದೆ. ಆಗ ವೀರ್ಯ ಸರಿಯಿಲ್ಲವೆಂದು ದೂರುವುದು ವಾಡಿಕೆ. ಎಷ್ಟೋ ಸಲ ಕೊರತೆ ಇರುವುದು ಹಸುವಿನ ಅಂಡಾಣುವಿನಲ್ಲಿ.

ಜೊಳ್ಳು ಬೀಜ ಬಿತ್ತಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಎಲೆ ಬಿಡುವವರೆಗೆ ಮೊಳಕೆ ಬದುಕುವುದು ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯಿಂದ. ಅಂಡಾಣುವಿನ ಕಥೆಯೂ ಇದೇ.

ಕಡಸು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಅಂಡಾಣುಗಳಿರುತ್ತವೆ. ಸರದಿ ಬಂದ ಅಂಡಾಣು ಕೆಲವು ತಿಂಗಳು ಬೆಳೆದು ಸುಮಾರು 0.12 ಮಿ.ಮೀ. ಗಾತ್ರಕ್ಕೆ ಬರುತ್ತದೆ. ಸುತ್ತಲಿನ ಜೀವಕೋಶಗಳು ನವಿರಾದ ಎಳೆಗಳ ಮೂಲಕ ಅದಕ್ಕೆ ಪೋಷಕಾಂಶ ಉಣಿಸುತ್ತವೆ. ಈ ಅವಧಿಯಲ್ಲಿ ಅದು ಸಸಾರಜನಕಗಳನ್ನೂ, ಅವನ್ನು ತಯಾರಿಸುವ ಸಂದೇಶಗಳನ್ನೂ ಕೂಡಿಡುತ್ತದೆ. ಫಲಿತ ಅಂಡಾಣು ಒಡೆದು ಎರಡು, ನಾಲ್ಕು, ಎಂಟು ಕೋಶಗಳಾಗುತ್ತದೆ. ಎಂಟರಿಂದ ಹದಿನಾರು ಕೋಶಗಳ ಹಂತದವರೆಗೆ, ಅಂದರೆ ಮೊದಲ ಮೂರು ನಾಲ್ಕು ದಿನ, ಭ್ರೂಣದ ಸ್ವಂತ ವಂಶವಾಹಿಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಬುತ್ತಿ ಸಾಲದಿದ್ದರೆ ಭ್ರೂಣ ಅಲ್ಲಿಯೇ ನಿಲ್ಲುತ್ತದೆ. ಹಸು ಮತ್ತೆ ಬೆದೆಗೆ ಬರುತ್ತದೆ.

ಬುತ್ತಿ ಏಕೆ ಕಡಿಮೆಯಾಗುತ್ತದೆ? ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತದೆ, ಮೇವು ತಿನ್ನುವ ಶಕ್ತಿ ನಿಧಾನವಾಗಿ ಏರುತ್ತದೆ. ಹಸು ಮೈ ಕರಗಿಸಿ ಹಾಲು ಕೊಡುತ್ತದೆ. ಈ ಏರುಪೇರು ರಕ್ತದ ಮೂಲಕ ಬೆಳೆಯುತ್ತಿರುವ ಅಂಡಾಣುವಿಗೂ ತಟ್ಟುತ್ತದೆ. ಬಿಸಿಲಿನ ತಾಪದ ಪರಿಣಾಮವೂ ಹೀಗೆಯೇ. ಬೇಸಿಗೆ ಕಳೆದ ಕೆಲವು ವಾರಗಳವರೆಗೂ ಗಬ್ಬ ನಿಲ್ಲುವುದು ಕಡಿಮೆ.

ಆದ್ದರಿಂದ ಹೀಗೆ ಮಾಡಿ:

1. ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ. ಹಸು ಅತಿಯಾಗಿ ಕೊಬ್ಬಿರಬಾರದು, ಬಡಕಲಾಗಿಯೂ ಇರಬಾರದು.

2. ಕರು ಹಾಕಿದ ಮೇಲೆ ಹಿಂಡಿ ಬೂಸಾ ಹಂತ ಹಂತವಾಗಿ ಏರಿಸಿ. ನೇಪಿಯರ್ ಹುಲ್ಲಿನ ಜೊತೆ ಅಲಸಂದೆ ಅಥವಾ ಕುದುರೆಮೆಂತೆ ಕೊಡಿ. ಖನಿಜ ಮಿಶ್ರಣವನ್ನು ಮರೆಯಬೇಡಿ.

3. ಬೇಸಿಗೆಯಲ್ಲಿ ನೆರಳು, ಗಾಳಿ, ಸದಾ ಕುಡಿಯುವ ನೀರು ಇರಲಿ.

4. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಅಂಡಾಶಯದಿಂದ ಹೊರಬಿದ್ದ ಅಂಡಾಣು ಹೆಚ್ಚು ಹೊತ್ತು ಕಾಯುವುದಿಲ್ಲ.

5. ಮೂರು ಸಲವೂ ಗಬ್ಬ ನಿಲ್ಲದಿದ್ದರೆ ಗರ್ಭಕೋಶದ ಸೋಂಕು ಮುಂತಾದ ಕಾರಣಗಳಿರಬಹುದು, ಪಶುವೈದ್ಯರಿಗೆ ತೋರಿಸಿ.

ಗಬ್ಬ ನಿಲ್ಲದ ಪ್ರತಿ ಬೆದೆಗೂ ಮೂರು ವಾರದ ಮೇವಿನ ಖರ್ಚು ನಿಮ್ಮ ಮೇಲೆಯೇ. ಬೆದೆಯ ದಿನ ಹಾಕಿದ ಹಿಂಡಿ ಆ ದಿನದ ಅಂಡಾಣುವಿಗೆ ದಕ್ಕುವುದಿಲ್ಲ. ಎರಡು ಮೂರು ತಿಂಗಳ ಮುಂಚಿನ ಗೋದಲಿಯಲ್ಲೇ ಗಬ್ಬದ ತಯಾರಿ ನಡೆಯಬೇಕು.