ಲಾಗ್ ತುಂಬಾ 127.0.0.1 ಯಾಕೆ?

ನಿಮ್ಮ ಜ್ಯಾಂಗೋ ಆ್ಯಪ್‌ನ ಲಾಗ್ ತೆಗೆದು ನೋಡಿ. ಬಂದವರೆಲ್ಲರ ಐಪಿ 127.0.0.1 ಅಂತಲೇ ಇದೆಯಾ? ಮೈಸೂರಿಂದ ಬಂದವರದ್ದೂ ಅದೇ, ಮಸ್ಕತ್‌ನಿಂದ ಬಂದವರದ್ದೂ ಅದೇ! ಗಾಬರಿ ಬೇಡ, ಯಾರೂ ಹ್ಯಾಕ್ ಮಾಡಿಲ್ಲ. ಆ್ಯಪ್ ಮುಂದೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಕೂತಿದೆ, ಅಷ್ಟೇ.

ಹೊರಗಿನ ರಿಕ್ವೆಸ್ಟ್ ಮೊದಲು 443ನೇ ಪೋರ್ಟ್‌ನಲ್ಲಿ ಎಂಜಿನ್‌ಎಕ್ಸ್ ಕೈಗೆ ಸಿಗುತ್ತೆ. ಅದು ಎನ್‌ಕ್ರಿಪ್ಷನ್ ಬಿಚ್ಚಿ, ಅದೇ ಮಷೀನ್‌ನ 8000ನೇ ಪೋರ್ಟ್‌ನಲ್ಲಿ ಜ್ಯಾಂಗೋನ ಓಡಿಸೋ ಗುನಿಕಾರ್ನ್‌ಗೆ ಸಾದಾ ಎಚ್‌ಟಿಟಿಪಿಯಲ್ಲಿ ದಾಟಿಸುತ್ತೆ. ಹಾಗಾಗಿ ಗುನಿಕಾರ್ನ್‌ಗೆ ಕಾಣೋದು ಅದೇ ಮಷೀನ್‌ನ 127.0.0.1 ಮಾತ್ರ. ನಿಜವಾಗಿ ಬಂದವರು ಯಾರು ಅನ್ನೋದನ್ನ ಎಂಜಿನ್‌ಎಕ್ಸ್ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ಹೇಳಿ ಕಳಿಸಬೇಕು. ಗುನಿಕಾರ್ನ್‌ನ ಲಾಗ್ ಫಾರ್ಮ್ಯಾಟ್‌ಗೂ ಅದನ್ನ ಸೇರಿಸಬೇಕು, ತಾನಾಗೇ ಬರಲ್ಲ.

ಜನ ಮರೆಯೋದು ಇನ್ನೊಂದು ಹೆಡರನ್ನ: ಬಂದದ್ದು ಎಚ್‌ಟಿಟಿಪಿಯಲ್ಲೋ ಎಚ್‌ಟಿಟಿಪಿಎಸ್‌ನಲ್ಲೋ ಅಂತ ಹೇಳೋ ಎಕ್ಸ್-ಫಾರ್ವರ್ಡೆಡ್-ಪ್ರೋಟೋ. ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ ಕಳಿಸು ಅಂತ ಜ್ಯಾಂಗೋಗೆ ಹೇಳಿರ್ತೀರಿ. ಪಾಪ, ಅದಕ್ಕೆ ತಲುಪೋದೆಲ್ಲ ಸಾದಾ ಎಚ್‌ಟಿಟಿಪಿ. 'ಎಚ್‌ಟಿಟಿಪಿಎಸ್‌ನಲ್ಲಿ ಬಾ' ಅನ್ನುತ್ತೆ. ಬ್ರೌಸರ್ ಹಾಗೇ ಬರುತ್ತೆ. ಮತ್ತೆ ಅದೇ ಉತ್ತರ. ಸುತ್ತಿ ಸುತ್ತಿ ಕೊನೆಗೆ ಬ್ರೌಸರ್ರೇ 'ರೀಡೈರೆಕ್ಟ್ ಜಾಸ್ತಿಯಾಯ್ತು' ಅಂತ ಕೈಚೆಲ್ಲುತ್ತೆ.

ಎಂಜಿನ್‌ಎಕ್ಸ್‌ನಲ್ಲಿ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಕಳಿಸೋ ಒಂದು ಸಾಲು ಸೇರಿಸಿ. 127.0.0.1ರಿಂದ ಬಂದ ಈ ಹೆಡರನ್ನ ಗುನಿಕಾರ್ನ್ ನಂಬುತ್ತೆ. ಆದ್ರೆ ಗುನಿಕಾರ್ನ್‌ನ 0.0.0.0ಗೆ ಬೈಂಡ್ ಮಾಡಬೇಡಿ. 8000 ಊರಿಗೆಲ್ಲ ತೆರೆದಿದ್ರೆ ಎಂಜಿನ್‌ಎಕ್ಸ್ ಇಟ್ಟು ಏನು ಬಂತು?

ಫೋಟೊ ಅಪ್‌ಲೋಡ್‌ಗೆ 413 ಬಂತಾ? ಎಂಜಿನ್‌ಎಕ್ಸ್‌ನ ಅಪ್‌ಲೋಡ್ ಗಾತ್ರದ ಮಿತಿ ಮೊದಲೇ 1 ಎಂಬಿ ಇರುತ್ತೆ, ಏರಿಸಿ. 502 ಬಂತಾ? ಎಂಜಿನ್‌ಎಕ್ಸ್‌ನ ಬೈಯೋ ಮುಂಚೆ ಗುನಿಕಾರ್ನ್ ಓಡ್ತಿದೆಯಾ ನೋಡಿ.